ಗಿಣಿಗೆ ತಕ್ಕ ಮನೆ

ಮುಕ್ಕುಂದದಂಥ ಹೊಳೆದಂಡೆಯ ಊರಿನಲ್ಲಿ ಗಿಣಿ ಯಾರಿಗೂ ಹೊಸದಲ್ಲ. ತುಂಗಭದ್ರೆಯ ನೀರಿನ ಭತ್ತಕ್ಕೆ ಹಾಲು ತುಂಬಿತೆಂದರೆ, ಎರೆಹೊಲದ ಜೋಳ ತೆನೆ ಹಿರಿಯಿತೆಂದರೆ, ಹಸಿರು ಹಿಂಡು ಕೂಗುತ್ತ ಬಂದಿಳಿಯುತ್ತದೆ. ಹೊಲದಲ್ಲಿ ಅದಕ್ಕೆ ಕವಣೆಯ ಕಲ್ಲು, ಡಬ್ಬಿಯ ಸಪ್ಪಳ. ಊರೊಳಗೆ ಅದೇ ಗಿಣಿಗೆ ತಂತಿಯ ಪಂಜರ, ಹಾಲನ್ನ, "ರಾಮ ರಾಮ ಅನ್ನು" ಎಂಬ ಒತ್ತಾಯ. ಎರಡರಲ್ಲೂ ಹಕ್ಕಿಯ ಬಾಳನ್ನು ಹಕ್ಕಿಯ ಕಣ್ಣಿನಿಂದ ನೋಡುವವರು ಕಡಿಮೆ.

ನಾನು ಒಕ್ಕಲುತನದ ಮನೆಯ ಸೊಸೆ. ನಮ್ಮ ಪಡಸಾಲೆಯಲ್ಲಿ ಹಲವು ವರ್ಷಗಳಿಂದ ಒಂದು ಕಾಕಟೀಲ್ ಬಾಳುತ್ತಿದೆ. ಬೂದು ಮೈ, ಹಳದಿ ಮೋರೆ, ಕೆನ್ನೆಗೆ ಕಿತ್ತಳೆ ಬೊಟ್ಟು, ತಲೆಯ ಮೇಲೆ ಜುಟ್ಟು. ಗಿಣಿಗಳ ದೊಡ್ಡ ಬಳಗದಲ್ಲಿ ಕಾಕಟೂ ಕುಟುಂಬದ ಅತಿ ಚಿಕ್ಕ ಹಕ್ಕಿ ಇದು. ಮೂಲ ಆಸ್ಟ್ರೇಲಿಯಾದ ಒಣ ಬಯಲು. ಅಲ್ಲಿಯೂ ಇದು ಹಿಂಡುಗಟ್ಟಿ ರೈತರ ಜೋಳ, ಸೂರ್ಯಕಾಂತಿಗೆ ಬೀಳುತ್ತದೆ. ಮಕ್ಕಳು ಇಟ್ಟ ಹೆಸರು ಕಿಟ್ಟಿ, ನಮ್ಮ ಅತ್ತೆಯ ಬಾಯಲ್ಲಿ ಕಿಟ್ಯಾ. "ಮನೆಮಗನ ಹಾಗೆ ಸಾಕಿದ್ದೇವೆ" ಎಂದು ಗಿಣಿ ಸಾಕಿದವರೆಲ್ಲ ಹೇಳುತ್ತಾರೆ. ಅದಕ್ಕಾಗಿ ಮನೆಯವರು ತಮ್ಮ ಬಾಳಿನಲ್ಲಿ ಏನೇನು ಬದಲಿಸಿಕೊಂಡರು ಎಂದು ನಾನು ಕೇಳುತ್ತೇನೆ. ನಾವು ಬದಲಿಸಿಕೊಂಡದ್ದು ಇಲ್ಲಿದೆ.

1. ಹಸಿರು ಗಿಣಿ ಹೊಲದ್ದು, ಮನೆಗೆ ತರಬೇಡಿ

ಕೊರಳಿಗೆ ಗುಲಾಬಿ ಪಟ್ಟಿಯ ನಮ್ಮ ಹಸಿರು ಗಿಣಿಯನ್ನು ಸಾಕುವುದು ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅಂದಿನಿಂದ ಈ ಹಕ್ಕಿ ಎರಡನೆಯ ಅನುಸೂಚಿಯಲ್ಲಿದೆ. ಹಿಡಿದರೂ, ಮಾರಿದರೂ, ಕೊಂಡು ಪಂಜರದಲ್ಲಿಟ್ಟರೂ ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ ಬೀಳಬಹುದು. ಜಾತ್ರೆಯಲ್ಲಿ ಗಿಣಿಶಾಸ್ತ್ರ ಹೇಳುವವರ ಹಕ್ಕಿಗೂ ಇದೇ ಕಾಯ್ದೆ. ನೀಲಿ, ಹಳದಿ ಬಣ್ಣದ್ದನ್ನು 'ಫಾರಿನ್ ರಿಂಗ್‌ನೆಕ್' ಎಂದು ಮಾರುತ್ತಾರೆ. ಬಣ್ಣ ಬೇರೆಯಾದರೂ ಜಾತಿ ಇದೇ. ಅಂಗಡಿಯವರ ಮಾತು ನಂಬಿ ಕೊಳ್ಳಬೇಡಿ.

ದಂಡದ ಭಯಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಈ ಗಿಣಿ ಗೂಡು ಕಟ್ಟುವುದಿಲ್ಲ. ಹಳೆಯ ಮರದ ಪೊಟರೆ, ಕೋಟೆ ಗೋಡೆಯ ಸಂದಿ ಹುಡುಕಿಕೊಂಡು ಮೊಟ್ಟೆ ಇಡುತ್ತದೆ. ಚಳಿಗಾಲದ ಕೊನೆಯಿಂದ ಬೇಸಿಗೆಯವರೆಗೆ ಅದರ ಸಂಸಾರದ ಕಾಲ. ಮರಿ ಸುಮಾರು ಏಳು ವಾರ ಪೊಟರೆಯೊಳಗೇ ಬೆಳೆಯುತ್ತದೆ. ಮಾರುವವರು ಕೈಹಾಕಿ ಎಳೆಯುವುದು ಆಗಲೇ. ಕೈ ಹೋಗದಿದ್ದರೆ ಪೊಟರೆ ಒಡೆಯುತ್ತಾರೆ. ಒಡೆದ ಪೊಟರೆಗೆ ಮರುವರ್ಷ ಯಾವ ಹಕ್ಕಿಯೂ ಬರುವುದಿಲ್ಲ. ಎಡದಂಡೆ ಕಾಲುವೆ ಬಂದು ಹೊಲಗಳನ್ನು ಗದ್ದೆಯಾಗಿ ಮಟ್ಟ ಮಾಡಿದ ಮೇಲೆ ನಮ್ಮ ಭಾಗದಲ್ಲಿ ದೊಡ್ಡ ಮರ ಉಳಿದದ್ದೇ ಸ್ವಲ್ಪ. ಆ ಬೇವು, ಹುಣಸೆ, ಆಲಗಳ ಪೊಟರೆಗೆ ಗಿಣಿ, ಗೊರವಂಕ, ಹಾಲಕ್ಕಿ ಎಲ್ಲವೂ ಕಾದಿರುತ್ತವೆ.

ಗಿಣಿಯನ್ನು ಕಾಯುವ ಮಾತು ಹೊಸದೂ ಅಲ್ಲ. ನಮ್ಮ ನೆರೆಯ ಮಸ್ಕಿಯ ಶಾಸನ 1915ರಲ್ಲಿ ಬೆಳಕಿಗೆ ಬಂತು. ಶಾಸನಗಳಲ್ಲಿ ಬರುವ ದೇವಾನಾಂಪ್ರಿಯನೇ ಅಶೋಕ ಎಂದು ತೋರಿಸಿಕೊಟ್ಟ ಬಂಡೆ ಅದು. ಅದೇ ಅಶೋಕ ಪಟ್ಟಕ್ಕೆ ಬಂದ 26ನೆಯ ವರ್ಷದಲ್ಲಿ ಉತ್ತರದ ಸ್ತಂಭಗಳ ಮೇಲೆ ಕೊಲ್ಲಬಾರದ ಜೀವಿಗಳ ಪಟ್ಟಿಯೊಂದನ್ನು ಕೆತ್ತಿಸಿದ. ಐದನೆಯ ಸ್ತಂಭಶಾಸನದ ಆ ಪಟ್ಟಿಯಲ್ಲಿ ಮೊದಲ ಹೆಸರು ಗಿಣಿಯದು, ಎರಡನೆಯದು ಗೊರವಂಕದ್ದು. ಎರಡು ಸಾವಿರ ವರ್ಷಗಳ ಹಿಂದೆಯೇ ಈ ನೆಲದ ದೊರೆಯೊಬ್ಬ ಕಾಪಾಡಲು ಹೊರಟ ಹಕ್ಕಿಯನ್ನು ನಾವು ಸಂತೆಯಲ್ಲಿ ಚೌಕಾಸಿ ಮಾಡಿ ಕೊಳ್ಳುವುದು ನನಗೆ ಸರಿಕಾಣುವುದಿಲ್ಲ.

ಗಾಳಿಗೆ ಮರಿ ಕೆಳಗೆ ಬಿದ್ದಿದ್ದರೆ ಮನೆಗೆ ಒಯ್ಯಬೇಡಿ. ಪೊಟರೆ ಕೈಗೆಟುಕಿದರೆ ಒಳಗಿಡಿ, ಇಲ್ಲದಿದ್ದರೆ ಬೆಕ್ಕು ನಾಯಿ ಮುಟ್ಟದ ಎತ್ತರದ ಟೊಂಗೆಯ ಮೇಲಿಟ್ಟು ದೂರ ಸರಿಯಿರಿ. ಮನುಷ್ಯರು ಮುಟ್ಟಿದರೆ ತಾಯಿ ಬಿಟ್ಟುಬಿಡುತ್ತದೆ ಎಂಬುದು ಸುಳ್ಳು. ಗಾಯವಾಗಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿ.

2. ತರುವ ಮೊದಲು ವರ್ಷಗಳ ಲೆಕ್ಕ ಹಾಕಿ

ಕಾಕಟೀಲ್ ಚೆನ್ನಾಗಿ ನೋಡಿಕೊಂಡರೆ ಹದಿನೈದು ಇಪ್ಪತ್ತು ವರ್ಷ ಬಾಳುತ್ತದೆ. ಆಫ್ರಿಕದ ಬೂದು ಗಿಣಿ ನಲವತ್ತು ದಾಟುವುದೂ ಉಂಟು. ನಾಲ್ಕನೇ ಇಯತ್ತೆಯ ಹುಡುಗಿ ಹಟ ಮಾಡಿ ತರಿಸಿಕೊಂಡ ಹಕ್ಕಿ ಅವಳು ಗಂಡನ ಮನೆಗೆ ಹೋದ ಮೇಲೂ ಇರುತ್ತದೆ. ಆಗ ನೋಡುವವರು ಯಾರು? ನಮ್ಮ ಮನೆಯಲ್ಲಿ ತರುವ ಮೊದಲೇ ಈ ಮಾತಾಯಿತು. ಹಕ್ಕಿ ಮಕ್ಕಳ ಹೆಸರಿನಲ್ಲಿ ಬಂದರೂ ಹೊಣೆ ನನ್ನದು ಮತ್ತು ನಮ್ಮ ಮನೆಯವರದು ಎಂದು ತೀರ್ಮಾನಿಸಿಯೇ ತಂದೆವು.

ಕಾಗದದ ವಿಷಯ. ಕಾಕಟೀಲ್ ಮತ್ತು ಬಜ್ರಿಗರ್ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರದ 'ಸೈಟಿಸ್' ಪಟ್ಟಿಯಲ್ಲಿಲ್ಲ. ಆಸ್ಟ್ರೇಲಿಯಾ ತನ್ನ ಕಾಡುಹಕ್ಕಿಗಳನ್ನು ವ್ಯಾಪಾರಕ್ಕೆ ಹೊರಗೆ ಕಳಿಸುವುದನ್ನು ನಿಲ್ಲಿಸಿ ದಶಕಗಳೇ ಕಳೆದಿವೆ. ಹಾಗಾಗಿ ಇಲ್ಲಿ ಸಿಗುವವೆಲ್ಲ ಸಾಕಣೆಯಲ್ಲೇ ಹುಟ್ಟಿದವು. ಕೊನ್ಯೂರ್, ಮಕಾವ್, ಬೂದು ಗಿಣಿಗಳ ಮಾತು ಬೇರೆ. ಅವು ಸೈಟಿಸ್ ಪಟ್ಟಿಯಲ್ಲಿವೆ. 2024ರ ಫೆಬ್ರುವರಿಯಲ್ಲಿ ಬಂದ ನಿಯಮಗಳ ಪ್ರಕಾರ ಅಂಥ ಹಕ್ಕಿಯನ್ನು ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಲೇಬೇಕು. ಕೈಬದಲಾದರೆ, ಮರಿಯಾದರೆ, ಸತ್ತರೆ ಅದನ್ನೂ ತಿಳಿಸಬೇಕು. ಬೂದು ಗಿಣಿ 2017ರಿಂದ ಆ ಪಟ್ಟಿಯ ಮೊದಲನೆಯ ಭಾಗದಲ್ಲಿದೆ. ಕಾಡಿನಲ್ಲಿ ಅದು ಅಷ್ಟು ವಿರಳವಾಗಿದೆ.

ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದ ಶುಕವನವನ್ನು ನೋಡಿ ಬಂದವರಿಗೆ ಮನೆಯಲ್ಲೊಂದು ಮಕಾವ್ ಇರಲಿ ಎನಿಸುತ್ತದೆ. 468 ಜಾತಿಯ ಹಕ್ಕಿಗಳಿಗಾಗಿ 2017ರಲ್ಲಿ ಗಿನ್ನೆಸ್ ದಾಖಲೆ ಸೇರಿದ ಜಾಗವದು. ಅಲ್ಲಿ ಹಾರಾಡಲು ಎತ್ತರದ ಬಲೆಮನೆ ಇದೆ, ಹಕ್ಕಿಗಳದೇ ಆಸ್ಪತ್ರೆ ಇದೆ, ಇಡೀ ದಿನ ಅದೇ ಕೆಲಸದ ಜನ ಇದ್ದಾರೆ. ನಮ್ಮ ಪಡಸಾಲೆಯ ಅಳತೆಗೆ ಚಿಕ್ಕ ಹಕ್ಕಿಯೇ ಸರಿ.

ಇನ್ನೊಂದು ಮಾತು. ಕಾಕಟೀಲ್‌ನ ಗರಿಯಿಂದ ಸದಾ ಬಿಳಿ ಪುಡಿ ಉದುರುತ್ತಿರುತ್ತದೆ. ಮನೆಯಲ್ಲಿ ಉಬ್ಬಸದವರಿದ್ದರೆ ಈ ಹಕ್ಕಿ ಬೇಡವೇ ಬೇಡ.

3. ಹೊತ್ತು ಮುಳುಗಿದರೆ ಅದರ ದಿನ ಮುಗಿಯಿತು

ಗಿಣಿಗೆ ಹತ್ತರಿಂದ ಹನ್ನೆರಡು ತಾಸು ಕತ್ತಲೆಯ ನಿದ್ದೆ ಬೇಕು. ಧಾರಾವಾಹಿ ಮುಗಿಯುವವರೆಗೆ ಟಿ.ವಿ. ಮುಂದೆ ಕೂತ ಹಕ್ಕಿ ಹಗಲೆಲ್ಲ ಕಿರಿಕಿರಿ ಮಾಡುತ್ತದೆ, ಕಚ್ಚುತ್ತದೆ. ಹೆಣ್ಣಾದರೆ ಉದ್ದ ಬೆಳಕಿಗೆ ಮೇಲಿಂದ ಮೇಲೆ ಮೊಟ್ಟೆ ಇಟ್ಟು ಮೈಯ ಸುಣ್ಣವನ್ನೆಲ್ಲ ಕಳೆದುಕೊಳ್ಳುತ್ತದೆ. ಮೊಟ್ಟೆ ಸಿಕ್ಕಿಕೊಂಡು ಸಾಯುವುದೂ ಇದೆ. ನಮ್ಮಲ್ಲಿ ಟಿ.ವಿ. ಪಡಸಾಲೆಯಿಂದ ಒಳಕೋಣೆಗೆ ಹೋಯಿತು. ಸಂಜೆ ದೀಪ ಹಚ್ಚಿದ ಮೇಲೆ ಅತ್ತೆ "ಕಿಟ್ಯಾ, ಹೊತ್ತು ಮುಣುಗೇತಿ, ಮಲಕ್ಕೋ" ಎಂದು ಪಂಜರಕ್ಕೆ ಹಳೆಯ ಇಳಕಲ್ ಸೀರೆಯ ತುಂಡು ಇಳಿಬಿಡುತ್ತಾರೆ. ಆ ಧ್ವನಿ ಕೇಳಿದೊಡನೆ ಅದು ತಾನಾಗಿ ಮೇಲಿನ ಕೋಲಿಗೆ ಹತ್ತುತ್ತದೆ.

ಕಾಕಟೀಲ್‌ಗಳಿಗೆ ರಾತ್ರಿ ಬೆಚ್ಚಿಬೀಳುವ ಸ್ವಭಾವ ಬಹಳ. ಹಲ್ಲಿ ಓಡಿದರೆ, ಪಟಾಕಿ ಸಿಡಿದರೆ, ಭತ್ತ ಕೊಯ್ಯುವ ಯಂತ್ರ ಓಣಿಯಲ್ಲಿ ಹಾದುಹೋದರೆ ಕತ್ತಲಲ್ಲೇ ಪಟಪಟ ಬಡಿದುಕೊಂಡು ರೆಕ್ಕೆ ಮುರಿದುಕೊಳ್ಳುತ್ತವೆ. ಅದಕ್ಕೇ ಪಂಜರದ ಒಂದು ಬದಿ ಬಟ್ಟೆ ಸರಿಸಿ, ಮೂಲೆಯಲ್ಲಿ ಮಂದ ದೀಪ ಇಡುತ್ತೇವೆ. ಕರೆಂಟು ಹೋಗುವ ಊರಾದ್ದರಿಂದ ಅದು ಸೋಲಾರ್ ದೀಪ. ಬೆಚ್ಚಿದಾಗ ಕೈ ಹಾಕಬಾರದು. ದೀಪ ಹಚ್ಚಿ ಮೆತ್ತಗೆ ಮಾತಾಡಿದರೆ ಸಾಕು.

ಪಂಜರದ ಜಾಗ ಗೋಡೆಗೆ ಆತುಕೊಂಡಿರಲಿ. ನಾಲ್ಕೂ ಕಡೆ ತೆರೆದ ಜಾಗದಲ್ಲಿ ಅದಕ್ಕೆ ಬೆನ್ನಿಗೆ ಆಸರೆ ಇರುವುದಿಲ್ಲ. ಅಡುಗೆಮನೆ ಬೇಡ, ಜನರಿಲ್ಲದ ಕೋಣೆಯೂ ಬೇಡ. ಹಿಂಡಿನ ಹಕ್ಕಿ ಅದು, ಮನೆಯವರು ಓಡಾಡುವುದು ಕಾಣಬೇಕು. ಸತುವಿನ ಲೇಪವಿರುವ ತಂತಿಯ ಪಂಜರ ಕೊಳ್ಳಬೇಡಿ. ಕೊಕ್ಕಿನಿಂದ ಕೆರೆದು ತಿಂದ ಸತುವು ವಿಷವಾಗುತ್ತದೆ. ಒಳಗೆ ಕೂರಲು ಬೇವು, ಪೇರಲದ ಟೊಂಗೆ ಹಾಕಿ. ದಪ್ಪ ಸಣ್ಣ ಬೇರೆಬೇರೆ ಇದ್ದರೆ ಅಂಗಾಲು ಹುಣ್ಣಾಗುವುದಿಲ್ಲ.

4. ಜುಟ್ಟು ನೋಡಿ ಮಾತಾಡಿ

ಕಾಕಟೀಲ್‌ನ ಮನಸ್ಸು ಅದರ ಜುಟ್ಟಿನಲ್ಲಿದೆ. ಅರ್ಧ ಎದ್ದು ತುದಿ ಹಿಂದಕ್ಕೆ ಬಾಗಿದ್ದರೆ ನೆಮ್ಮದಿಯಾಗಿದೆ. ನೆಟ್ಟಗೆ ನಿಂತರೆ ಏನನ್ನೋ ಕಂಡು ಚಕಿತವಾಗಿದೆ. ತಲೆಗೆ ಅಂಟಿಕೊಂಡು, ಬಾಯಿಂದ ಹಿಸ್ಸೆಂದರೆ ಹತ್ತಿರ ಬರಬೇಡ ಎಂದರ್ಥ. ಇಷ್ಟನ್ನು ಮನೆಯ ಪ್ರತಿ ಮಗುವಿಗೂ ಕಲಿಸಿದ ಮೇಲೆ ನಮ್ಮಲ್ಲಿ ಕಚ್ಚಿಸಿಕೊಂಡವರಿಲ್ಲ. ಬರುವ ನೆಂಟರ ಮಕ್ಕಳಿಗೂ ಮೊದಲು ಜುಟ್ಟು ತೋರಿಸಿಯೇ ಬೆರಳು ಚಾಚಲು ಬಿಡುತ್ತೇವೆ. ಅದು ಒಲ್ಲೆ ಎಂದಾಗ ಒಲ್ಲೆ ಎಂಬುದನ್ನು ಒಪ್ಪಿಕೊಳ್ಳುವುದೇ ಅದರ ಜೊತೆ ಬಾಳುವ ಮೊದಲ ಮರ್ಯಾದೆ.

ತಲೆ ತಗ್ಗಿಸಿ ಕತ್ತು ಚಾಚಿದರೆ ಕೆರೆಯಲು ಕರೆಯುತ್ತಿದೆ. ಕತ್ತು, ತಲೆ, ಕೆನ್ನೆ ಮಾತ್ರ ಮುಟ್ಟಿ. ಬೆನ್ನು ಸವರಿದರೆ ಅದು ನಿಮ್ಮನ್ನು ಜೋಡಿ ಎಂದು ತಿಳಿದು ತೊಳಲುತ್ತದೆ. ಇದು ಒಳ್ಳೆಯದಲ್ಲ.

5. ಬರೀ ಕಾಳು ಊಟವಲ್ಲ

ಗಿಣಿ ಎಂದೊಡನೆ ಸೂರ್ಯಕಾಂತಿ ಬೀಜ, ಹಸಿ ಶೇಂಗಾ ಸುರಿಯುವುದು ರೂಢಿ. ಎರಡೂ ಕೊಬ್ಬು. ಹೊಲದಲ್ಲಿ ಮೈಲಿಗಟ್ಟಲೆ ಹಾರಿ ತಿನ್ನುವ ಹಕ್ಕಿಗೆ ಅದು ದಕ್ಕುತ್ತದೆ. ಪಡಸಾಲೆಯ ಹಕ್ಕಿಯ ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬುತ್ತದೆ. ಬರೀ ಒಣ ಕಾಳಿನಲ್ಲಿ ಎ ಜೀವಸತ್ವ ಇಲ್ಲವೆನ್ನುವಷ್ಟು ಕಡಿಮೆ. ಅದು ಕೊರತೆಯಾದರೆ ಮೂಗು, ಗಂಟಲು, ಕಣ್ಣುಗಳಿಗೆ ಮೇಲಿಂದ ಮೇಲೆ ಸೋಂಕು.

ಈ ವಿಷಯದಲ್ಲಿ ನಮ್ಮ ಸೀಮೆ ಪುಣ್ಯವಂತ ಸೀಮೆ. ನವಣೆ, ಸಜ್ಜೆ, ಬಿಳಿಜೋಳ ಮನೆಯಲ್ಲೇ ಇವೆ. ಕಾಕಟೀಲ್ ತನ್ನ ಬಯಲಿನಲ್ಲಿ ತಿನ್ನುವುದೂ ಹುಲ್ಲಿನ ಜಾತಿಯ ಕಾಳುಗಳನ್ನೇ. ಅಂಗಡಿಯ ಪೊಟ್ಟಣಕ್ಕಿಂತ ಇವೇ ತಾಜಾ. ನಾನು ಬೆಳಿಗ್ಗೆ ಹಸಿದಿರುವಾಗ ಮೊದಲು ಸೊಪ್ಪು ಕೊಡುತ್ತೇನೆ: ನುಗ್ಗೆಸೊಪ್ಪು, ಕೊತ್ತಂಬರಿ, ತುರಿದ ಗಜ್ಜರಿ, ಪಪ್ಪಾಯಿ ಅಥವಾ ಸಿಹಿಗುಂಬಳದ ತುಂಡು, ಮೊಳಕೆಯೊಡೆದ ಹೆಸರು. ನುಗ್ಗೆಸೊಪ್ಪನ್ನು ಕಟ್ಟಿ ತಲೆಕೆಳಗಾಗಿ ನೇತುಹಾಕಿದರೆ ಊಟವೂ ಆಯಿತು, ಆಟವೂ ಆಯಿತು. ಕಾಳು ಆಮೇಲೆ. ಸೀತನಿಯ ಕಾಲದಲ್ಲಿ ನಾವು ಹೊಲದಲ್ಲಿ ಸುಟ್ಟು ತಿನ್ನುವಾಗ ಒಂದು ಹಸಿ ತೆನೆ ಕಿಟ್ಟಿಯ ಪಾಲಿಗೆ ಬರುತ್ತದೆ. ಅಂದು ಅದರ ಸಿಳ್ಳೆ ಓಣಿಯ ತುದಿಗೆ ಕೇಳುತ್ತದೆ. ಶೇಂಗಾ ಕೊಡುವುದಾದರೆ ಒಂದೋ ಎರಡೋ, ಅದೂ ಹುರಿದದ್ದು. ಬೂಸು ಹಿಡಿದ ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷವಿರುತ್ತದೆ. ಮನುಷ್ಯರಿಗೇ ಕೆಟ್ಟದು, ನೂರು ಗ್ರಾಂ ತೂಗದ ಹಕ್ಕಿಗೆ ಕೇಳಬೇಕೆ.

ಮೆಣಸಿನಕಾಯಿಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಖಾರ ಹುಟ್ಟಿಸುವ ಕ್ಯಾಪ್ಸೈಸಿನ್ ಹಕ್ಕಿಗಳ ನಾಲಗೆಗೆ ನಾಟುವುದಿಲ್ಲ. ನಮಗೆ ಕಣ್ಣೀರು ಬರುವ ಗುಂಟೂರು ಕಾಯಿಯ ಬೀಜವನ್ನು ಅದು ನಿರಾಳವಾಗಿ ಸುಲಿಯುತ್ತದೆ. ಗಿಡದ ಹಣ್ಣು ಮೆಣಸಿನಕಾಯಿ ಕೊಡಿ. ಉಪ್ಪು ಹಚ್ಚಿದ ಬಾಳಕದ ಮೆಣಸಿನಕಾಯಿ ಬೇಡ.

ಕೊಡಬಾರದ್ದು: ಬೆಣ್ಣೆಹಣ್ಣು, ಚಾಕೊಲೇಟ್, ಚಹಾ, ಕಾಫಿ, ಉಳ್ಳಾಗಡ್ಡಿ, ಉಪ್ಪಿನ ಚುರುಮುರಿ, ಮಿರ್ಚಿ ಬಜ್ಜಿ. ಹಾಲನ್ನವೂ ಬೇಡ. ಹಾಲು ಕುಡಿಸದೆ ಮರಿ ಸಾಕುವ ಜೀವಕ್ಕೆ ಹಾಲು ಅರಗಿಸುವ ಶಕ್ತಿ ಇಲ್ಲ. ನಮ್ಮ ಮಾವ ಊಟಕ್ಕೆ ಕೂತಾಗ ಹಕ್ಕಿ ಹೆಗಲ ಮೇಲಿರುತ್ತದೆ. ಅವರ ತಾಟಿನಿಂದ ಅದಕ್ಕೆ ಸಿಗುವುದು ಉಪ್ಪಿಲ್ಲದ ಜೋಳದ ರೊಟ್ಟಿಯ ಚೂರು ಒಂದೇ. ಸುಣ್ಣದಂಶಕ್ಕೆ ಪಂಜರದಲ್ಲಿ ಸಮುದ್ರನೊರೆಯ ತುಂಡು ಕಟ್ಟಿರುತ್ತೇವೆ.

ಸೊಪ್ಪಿನ ಮಾತಿಗೆ ಒಂದು ಎಚ್ಚರ ಸೇರಿಸಲೇಬೇಕು. ಗದ್ದೆಯ ಬದುವಿನ ಸೊಪ್ಪು, ಹುಲ್ಲಿನ ತೆನೆ ಕಿತ್ತು ತರಬೇಡಿ. ನಮ್ಮ ಭತ್ತದ ಸೀಮೆಯಲ್ಲಿ ಔಷಧಿ ಹೊಡೆಯದ ವಾರವಿಲ್ಲ. ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಹಕ್ಕಿಗಳಿಗೆ ಎಂಥ ವಿಷವೆಂದರೆ, 1995–96ರಲ್ಲಿ ಅರ್ಜೆಂಟೀನಾದ ಹೊಲಗಳಲ್ಲಿ ಸಾವಿರಾರು ಗಿಡುಗಗಳು ಅದರಿಂದ ಸತ್ತುಬಿದ್ದವು. ಕಿಟ್ಟಿಯ ಸೊಪ್ಪು ಹಿತ್ತಲಿನ ಮಡಿಯದು. ಅದನ್ನೇ ಈಗ ನಾವೂ ಉಣ್ಣುತ್ತೇವೆ.

6. ಮನೆಯ ಗಾಳಿ ಅದಕ್ಕೆ ತಡೆಯುವಂತಿರಲಿ

ಹಕ್ಕಿಯ ಮೈಯೊಳಗೆ ಶ್ವಾಸಕೋಶದ ಜೊತೆ ಗಾಳಿಚೀಲಗಳಿವೆ. ಒಳಗೆ ಹೋದ ಗಾಳಿಯನ್ನು ಅದು ನಮಗಿಂತ ಪೂರ್ತಿಯಾಗಿ ಹೀರುತ್ತದೆ, ವಿಷವನ್ನೂ ಹಾಗೆಯೇ. ಬ್ರಿಟನ್ನಿನ ಕಲ್ಲಿದ್ದಲ ಗಣಿಗಳಲ್ಲಿ ಕೆಟ್ಟ ಗಾಳಿ ತಿಳಿಯಲು ಕೆನರಿ ಹಕ್ಕಿಗಳನ್ನು ಇಟ್ಟುಕೊಳ್ಳುತ್ತಿದ್ದುದು ಇದಕ್ಕೇ. 1986ರವರೆಗೂ ಆ ಪದ್ಧತಿ ನಡೆಯಿತು.

ನಾನ್‌ಸ್ಟಿಕ್ ತವೆ ಅತಿಯಾಗಿ ಕಾದಾಗ ಬರುವ ಹೊಗೆ ಕಣ್ಣಿಗೆ ಕಾಣದಿದ್ದರೂ ಹಕ್ಕಿಯನ್ನು ನಿಮಿಷಗಳಲ್ಲಿ ಕೊಲ್ಲುತ್ತದೆ. ನಮ್ಮ ಮನೆಯಲ್ಲಿ ಅಂಥ ಪಾತ್ರೆ ಇಲ್ಲ; ರೊಟ್ಟಿಗೆ ಕಬ್ಬಿಣದ ಹಂಚೇ ಸೈ. ಸೊಳ್ಳೆ ಬತ್ತಿ ಹೋಗಿ ಸೊಳ್ಳೆ ಪರದೆ ಬಂತು. ಊದಿನಕಡ್ಡಿ ದೇವರ ಕೋಣೆಯೊಳಗೆ ಮಾತ್ರ, ಲೋಬಾನ ಹಾಕುವ ಅಮಾವಾಸ್ಯೆಯಂದು ಹಕ್ಕಿ ಮಾಳಿಗೆಯ ಕೋಣೆಗೆ. ಮೆಣಸಿನಕಾಯಿ ಹುರಿಯುವುದು ಹಿತ್ತಲ ಒಲೆಯಲ್ಲಿ. ಸುತ್ತ ಗದ್ದೆಗೆ ಔಷಧಿ ಹೊಡೆಯುವ ದಿನ ಗಾಳಿ ನಮ್ಮ ಕಡೆಗಿದ್ದರೆ ಕಿಟಕಿ ಮುಚ್ಚುತ್ತೇವೆ. ಹೊಗೆ ಕಡಿಮೆಯಾದ ಮೇಲೆ ನಮ್ಮ ಅತ್ತೆಯ ಕೆಮ್ಮೂ ಕಡಿಮೆಯಾಗಿದೆ.

7. ಬಾಗಿಲು ಮತ್ತು ಫ್ಯಾನು

ಹಕ್ಕಿ ಪಂಜರದ ಹೊರಗಿರುವಾಗ ಫ್ಯಾನು ತಿರುಗಬಾರದು. ನಮ್ಮಲ್ಲಿ ಸ್ವಿಚ್ಚಿನ ಮೇಲೆ ಕೆಂಪು ಪಟ್ಟಿ ಅಂಟಿಸಿದ್ದೇವೆ. ನೀರಿನ ಬಕೆಟ್ಟು, ಹಂಡೆಗೆ ಮುಚ್ಚಳ ಬೇಕು. ಬಾಗಿಲಿಗೆ ಸೊಳ್ಳೆ ಜಾಲರಿ ಬೇಕು. ಬೆಕ್ಕನ್ನು ಒಳಗೆ ಬಿಡಬಾರದು, ಅದು ಎಷ್ಟೇ ಸಾಧು ಎನಿಸಿದರೂ.

2022ರ ಜುಲೈಯಲ್ಲಿ ತುಮಕೂರಿನ ಒಂದು ಮನೆಯಿಂದ ರುಸ್ತುಮ ಎಂಬ ಬೂದು ಗಿಣಿ ಹಾರಿಹೋದದ್ದನ್ನು ಪತ್ರಿಕೆಗಳಲ್ಲಿ ಓದಿರಬಹುದು. ಆ ಮನೆಯವರು ಊರೆಲ್ಲ ಭಿತ್ತಿಪತ್ರ ಹಚ್ಚಿ, ಆಟೋದಲ್ಲಿ ಧ್ವನಿವರ್ಧಕ ಕಟ್ಟಿ, 50 ಸಾವಿರ ರೂಪಾಯಿ ಬಹುಮಾನ ಸಾರಿದರು. ಹಕ್ಕಿ ಸಿಕ್ಕಾಗ ಕೊಟ್ಟದ್ದು 85 ಸಾವಿರ. ಕೆಲವರು ದುಡ್ಡಿನ ಹುಚ್ಚು ಎಂದರು. ಹಕ್ಕಿಯ ಜೊತೆ ಬಾಳಿದವಳಾಗಿ ನನಗೆ ಅವರ ಸಂಕಟ ಪೂರ್ತಿ ಅರ್ಥವಾಗುತ್ತದೆ. ಆದರೆ ಸಿಗುವ ಅದೃಷ್ಟ ಎಲ್ಲರಿಗೂ ಇಲ್ಲ. ಸಾಕಣೆಯಲ್ಲಿ ಹುಟ್ಟಿದ ಪರದೇಶಿ ಹಕ್ಕಿಗೆ ನಮ್ಮ ಹೊರಗಿನ ಬಾಳು ಗೊತ್ತಿಲ್ಲ. ಗಿಡುಗ, ಕಾಗೆ, ಹಸಿವು ಬೇಗ ಮುಗಿಸುತ್ತವೆ.

ರೆಕ್ಕೆ ಕತ್ತರಿಸುವುದು ಇದಕ್ಕೆ ಉತ್ತರವೆಂದು ನಾನು ಒಪ್ಪುವುದಿಲ್ಲ. ಹಾರಾಟದಿಂದಲೇ ಅದರ ಎದೆ, ಉಸಿರು ಗಟ್ಟಿಯಾಗುತ್ತದೆ. ಅದರ ಬದಲು ಕರೆದರೆ ಬರುವುದನ್ನು ಕಲಿಸಿ. ಒಂದೇ ಬಗೆಯ ಸಿಳ್ಳೆ ಹಾಕಿ, ಬಂದು ಕೈಮೇಲೆ ಕೂತಾಗ ನವಣೆಯ ತೆನೆ ಕೊಡಿ. ದಿನಾ ಸ್ವಲ್ಪ ಹೊತ್ತು ಸಾಕು. ಹಾರಿಹೋದ ಹಕ್ಕಿ ಮೊದಲ ದಿನ ಹತ್ತಿರದ ಮರದಲ್ಲೇ ದಿಕ್ಕು ತಪ್ಪಿ ಕೂತಿರುತ್ತದೆ. ಅದು ಗುರುತಿಸುವ ಸಿಳ್ಳೆ, ಅದು ನೋಡಬಲ್ಲ ಕಡೆ ಇಟ್ಟ ಅದರ ಪಂಜರ, ಇವೇ ಅದನ್ನು ಇಳಿಸುತ್ತವೆ. ಕೂಗಾಡುವ ಗುಂಪು ಅದನ್ನು ಇನ್ನೂ ದೂರ ಅಟ್ಟುತ್ತದೆ.

8. ತಕ್ಕಡಿ ಇಟ್ಟುಕೊಳ್ಳಿ

ನನ್ನ ಪ್ರಕಾರ ಪಂಜರಕ್ಕಿಂತ ಮೊದಲು ಕೊಳ್ಳಬೇಕಾದ ಸಾಮಾನು ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿ. ಹಕ್ಕಿ ಕಾಯಿಲೆಯನ್ನು ಮುಚ್ಚಿಡುತ್ತದೆ. ಹಿಂಡಿನಲ್ಲಿ ಸೊರಗಿದ್ದು ಕಂಡರೆ ಗಿಡುಗದ ಕಣ್ಣು ಅದರ ಮೇಲೆಯೇ ಬೀಳುತ್ತದೆ, ಅದಕ್ಕೇ ಹುಟ್ಟಿನಿಂದ ಬಂದ ಗುಣ ಅದು. ಗರಿ ಕೆದರಿಕೊಂಡು ಪಂಜರದ ತಳದಲ್ಲಿ ಕೂತಿದೆ ಎಂದರೆ ತಡವಾಗಿದೆ. ತೂಕ ಮಾತ್ರ ಮೊದಲೇ ಹೇಳುತ್ತದೆ. ಕಾಕಟೀಲ್ ಸಾಮಾನ್ಯವಾಗಿ 80ರಿಂದ 100 ಗ್ರಾಂ. ವಾರಕ್ಕೊಮ್ಮೆ ಬೆಳಿಗ್ಗೆ ಊಟಕ್ಕೆ ಮುಂಚೆ ತೂಗಿ ಕ್ಯಾಲೆಂಡರಿನ ಮೇಲೆ ಬರೆಯಿರಿ. ನಮ್ಮ ಮನೆಯಲ್ಲಿ ಇದು ಮಗನ ಕೆಲಸ. ಹತ್ತರಲ್ಲೊಂದು ಪಾಲು ಇಳಿದರೆ ಕಾಯಬೇಡಿ. ಹಿಕ್ಕೆಯನ್ನೂ ದಿನಾ ನೋಡಿ. ಕೆಳಗೆ ಹಾಸಿದ ಕಾಗದ ಅದಕ್ಕೇ ಇರುವುದು.

ನಮ್ಮ ಭಾಗದ ಪಶು ಆಸ್ಪತ್ರೆಗಳು ಎತ್ತು, ಎಮ್ಮೆ, ಕುರಿಗಳದು. ಹಕ್ಕಿ ನೋಡಬಲ್ಲ ವೈದ್ಯರು ಎಲ್ಲಿದ್ದಾರೆಂದು ಕಾಯಿಲೆ ಬರುವ ಮೊದಲೇ ಕೇಳಿಟ್ಟುಕೊಳ್ಳಿ. ಬೀದರಿನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇದೆ. ಫೋನಿನಲ್ಲಿ ಕೇಳಿದರೂ ತೂಕದ ಪಟ್ಟಿ ಕೈಯಲ್ಲಿದ್ದರೆ ಅವರಿಗೆ ದಾರಿ ಸಿಗುತ್ತದೆ. ಮನುಷ್ಯರ ಮಾತ್ರೆ ಪುಡಿಮಾಡಿ ಕುಡಿಸುವವರನ್ನು ಕಂಡಿದ್ದೇನೆ, ದಯವಿಟ್ಟು ಮಾಡಬೇಡಿ.

ಗಿಣಿಗಳಿಂದ ಮನುಷ್ಯರಿಗೆ ದಾಟುವ ಸಿಟಕೋಸಿಸ್ ಎಂಬ ಜ್ವರವಿದೆ. 1929–30ರಲ್ಲಿ ಸಾಕು ಗಿಣಿಗಳ ವ್ಯಾಪಾರದ ಜೊತೆ ಅದು ಅಮೆರಿಕ, ಯುರೋಪುಗಳಲ್ಲೆಲ್ಲ ಹಬ್ಬಿತ್ತು. ಇಂದು ಔಷಧಿಯಿದೆ. ಒಣಗಿದ ಹಿಕ್ಕೆಯ ಧೂಳು ಉಸಿರಿಗೆ ಹೋಗದಂತೆ ನೀರು ಚಿಮುಕಿಸಿ ಒರೆಸಿ, ಕೈ ತೊಳೆಯಿರಿ, ಕೊಕ್ಕಿಗೆ ಬಾಯಿ ಹಚ್ಚಬೇಡಿ. ಕೆಮ್ಮು ಜ್ವರ ಬಂದು ಆಸ್ಪತ್ರೆಗೆ ಹೋದರೆ ಮನೆಯಲ್ಲಿ ಹಕ್ಕಿ ಇದೆ ಎಂದು ಡಾಕ್ಟರಿಗೆ ಹೇಳಿ.

9. ಬೇಸಿಗೆ

ಮರುಭೂಮಿಯ ಹಕ್ಕಿ ಎಂದು ರಾಯಚೂರಿನ ಬಿಸಿಲಿಗೆ ಬಿಡಬೇಡಿ. ಬಾಯಿ ತೆರೆದು ಏದುಸಿರು ಬಿಟ್ಟರೆ, ರೆಕ್ಕೆಯನ್ನು ಮೈಯಿಂದ ದೂರ ಹಿಡಿದರೆ ಕಾವು ಮೀರಿದೆ. ಕಿಟಕಿಗೆ ನೆನೆಸಿದ ಗೋಣಿ ತಟ್ಟು, ಕುಡಿಯಲು ದಿನಕ್ಕೆರಡು ಸಲ ಹೊಸ ನೀರು, ಮೀಯಲು ಅಗಲ ತಟ್ಟೆ. ಮಿಂದರೆ ಗರಿಯ ಪುಡಿಯೂ ಕಡಿಮೆಯಾಗುತ್ತದೆ. ಗರಿ ಉದುರಿಸಿ ಹೊಸ ಗರಿ ಬರುವ ಕಾಲದಲ್ಲಿ ಮುಟ್ಟಿದರೆ ನೋವಾಗುತ್ತದೆ. ಆಗ ಅದರ ಪಾಡಿಗೆ ಬಿಡಿ.

10. ಮಾತಾಡಿಸಬೇಕೆಂದು ಸಾಕಬೇಡಿ

ಗಂಡು ಕಾಕಟೀಲ್ ಸಿಳ್ಳೆ ಚೆನ್ನಾಗಿ ಹಾಕುತ್ತದೆ, ಕೆಲವು ಮಾತು ಕಲಿಯುತ್ತದೆ. ಹೆಣ್ಣು ಬಹುಪಾಲು ಸುಮ್ಮನಿರುತ್ತದೆ. ಹಾಗೆಂದು ಹೆಣ್ಣನ್ನು ಮರಳಿ ಅಂಗಡಿಗೆ ಕೊಟ್ಟವರೂ ಇದ್ದಾರೆ. ಎಷ್ಟು ದೊಡ್ಡ ಅನ್ಯಾಯ!

ಗಿಣಿ ಅನುಕರಣೆ ಮಾಡುವುದು ಹಿಂಡಿಗೆ ಸೇರಲು. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವೆನಿಜುವೆಲಾದ ಪುಟ್ಟ ಹಸಿರು ಗಿಣಿಗಳು ಪ್ರತಿ ಮರಿಗೂ ಬೇರೆಬೇರೆ ಕರೆಯೊಂದನ್ನು ಕಲಿಸುವುದು ಕಂಡುಬಂತು, ಮನುಷ್ಯರು ಹೆಸರಿಡುವಂತೆಯೇ. ಅಮೆರಿಕದ ವಿಜ್ಞಾನಿ ಐರೀನ್ ಪೆಪ್ಪರ್‌ಬರ್ಗ್ ಮೂವತ್ತು ವರ್ಷ ಜೊತೆಗಿಟ್ಟುಕೊಂಡ ಅಲೆಕ್ಸ್ ಎಂಬ ಬೂದು ಗಿಣಿ 2007ರಲ್ಲಿ ಸಾಯುವ ಹೊತ್ತಿಗೆ ನೂರಕ್ಕೂ ಹೆಚ್ಚು ಪದ ಬಳಸುತ್ತಿತ್ತು, ಬಣ್ಣ, ಆಕಾರ, ಎಣಿಕೆ ಗುರುತಿಸುತ್ತಿತ್ತು. ಇಂಥ ಬುದ್ಧಿಯ ಜೀವವನ್ನು ಇಡೀ ದಿನ ಒಂಟಿಯಾಗಿ ಬಿಟ್ಟರೆ ಅದು ತನ್ನ ಗರಿಯನ್ನೇ ಕಿತ್ತುಕೊಳ್ಳುತ್ತದೆ.

ಕಿಟ್ಟಿ ಕುಕ್ಕರಿನ ಸೀಟಿ ಕಲಿತಿದೆ. ಮಾವ ಹೊಲದಿಂದ ಬರುವ ಹೊತ್ತಿಗೆ ಅವರದೇ ಸಿಳ್ಳೆಯನ್ನು ಅವರಿಗಿಂತ ಮೊದಲೇ ಹಾಕುತ್ತದೆ. ಅವರು ಕಟ್ಟೆಯ ಹತ್ತಿರದಿಂದಲೇ ಮರುಸಿಳ್ಳೆ ಕೊಡಬೇಕು, ಕೊಡದಿದ್ದರೆ ಕೂಗು ನಿಲ್ಲುವುದಿಲ್ಲ. ಮನೆಯಲ್ಲಿ ಯಾರು ಕಣ್ಣಿಗೆ ಮರೆಯಾದರೂ ಅದು 'ಎಲ್ಲಿದ್ದೀ' ಎಂದು ಕೇಳುತ್ತದೆ. ಒಂದು ಸಿಳ್ಳೆ ಉತ್ತರ ಕೊಟ್ಟರೆ ಸುಮ್ಮನಾಗುತ್ತದೆ. ಎಲ್ಲರೂ ಹೊಲಕ್ಕೆ ಹೋಗುವ ನಾಟಿ, ಕೊಯ್ಲಿನ ದಿನಗಳಲ್ಲಿ ಮನೆಯಲ್ಲಿ ಒಬ್ಬರಾದರೂ ಉಳಿಯುವ ಏರ್ಪಾಡು ನಮ್ಮದು. ಅದು ಆಗದ ಮನೆಯವರು ಒಂದು ಹಕ್ಕಿ ತರಬಾರದು. ಎರಡು ತರಬೇಕು, ಇಲ್ಲವೇ ತರಲೇಬಾರದು.

11. ಈಗಾಗಲೇ ಹಸಿರು ಗಿಣಿ ಇಟ್ಟುಕೊಂಡವರಿಗೆ

ಇದನ್ನು ಓದಿ ಭಯಪಟ್ಟು ನಾಳೆಯೇ ಪಂಜರದ ಬಾಗಿಲು ತೆರೆದು ಹಾರಿಸಬೇಡಿ. ಮರಿಯಿಂದ ಕೈತುತ್ತು ತಿಂದು ಬೆಳೆದ ಗಿಣಿಗೆ ಕಾಳು ಹುಡುಕಲು ಬಾರದು, ಗಿಡುಗ ಕಂಡರೆ ಎಲ್ಲಿಗೆ ಸರಿಯಬೇಕೆಂದು ತಿಳಿಯದು, ರೆಕ್ಕೆಯಲ್ಲಿ ದೂರ ಹಾರುವ ಕಸುವು ಇರುವುದಿಲ್ಲ. ಮೆಲ್ಲಗೆ ಹಾರಾಟ ಕಲಿಸಿ, ಹಿಂಡಿನ ಜೊತೆ ಸೇರಿಸಿ ಬಿಡುವುದು ಬಲ್ಲವರ ಕೆಲಸ. ಹತ್ತಿರದ ಅರಣ್ಯ ಇಲಾಖೆಯ ಕಚೇರಿಗೆ ನೀವೇ ಹೋಗಿ ಒಪ್ಪಿಸಿ, ಅಥವಾ 1926ಕ್ಕೆ ಕರೆ ಮಾಡಿ ಕೇಳಿ. ಒಯ್ಯುವಾಗ ಅದು ಏನು ತಿನ್ನುತ್ತದೆ, ಯಾವ ಕರೆಗೆ ಓಗೊಡುತ್ತದೆ ಎಂದು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ಮುಂದೆ ಅದನ್ನು ನೋಡಿಕೊಳ್ಳುವವರಿಗೆ ಆ ಚೀಟಿ ಬಹಳ ಕೆಲಸಕ್ಕೆ ಬರುತ್ತದೆ.